ಹನ್ನೊಂದನೇ ನಂಬರಿನ ನಿದ್ದೆ

ಇಪ್ಪತ್ತೆರಡು ವರ್ಷ ಒಂದೇ ಕೌಂಟರಿನ ಹಿಂದೆ ನಿಂತು, ಬೇರೆಯವರ ತಪ್ಪಿಗೆ ಬೈಸಿಕೊಳ್ಳುವುದೆಂದರೆ ಸಾಮಾನ್ಯದ ಕೆಲಸವಲ್ಲ. ಬೈದವರು ಮರೆತು ಮನೆಗೆ ಹೋಗುತ್ತಾರೆ, ಬೈಸಿಕೊಂಡವನು ಮಾರನೆಯ ದಿನ ಮತ್ತೆ ಅಲ್ಲೇ ನಿಂತಿರುತ್ತಾನೆ. ಊರಿನ ನಡುಮಧ್ಯದಲ್ಲಿ, ಬಸ್ ನಿಲ್ದಾಣಕ್ಕೂ ದೊಡ್ಡಾಸ್ಪತ್ರೆಗೂ ನಡುವೆ ಇಕ್ಕಟ್ಟಿನಲ್ಲಿ ಎದ್ದಿದ್ದ ಮೂರು ಮಹಡಿಯ ಲಾಡ್ಜಿನಲ್ಲಿ ಅವನು ರೂಮು ಕೊಡುವವನು. ಕೂದಲು ನೆರೆತಿತ್ತು, ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿತ್ತು. ಲಾಡ್ಜಿನವರೆಲ್ಲ ಅವನನ್ನು ಬ್ರೋಕರ್ ಎಂದು ಕರೆಯುತ್ತಿದ್ದರು.

ಆ ಅಡ್ಡಹೆಸರು ಇಟ್ಟವಳು ರೂಮು ಗುಡಿಸುವ ಅಕ್ಕ. ಅದಕ್ಕೆ ಕಾರಣವಿತ್ತು. ಲಾಡ್ಜಿನಲ್ಲಿ ಇಪ್ಪತ್ನಾಲ್ಕು ರೂಮು, ಒಂದೊಂದಕ್ಕೂ ಒಂದೊಂದು ಕಾಯಿಲೆ. ಮೂರನೇ ನಂಬರಿನ ನಲ್ಲಿಯಲ್ಲಿ ಬೆಳಿಗ್ಗೆ ಒಂಬತ್ತಾಗುವ ತನಕ ಬಿಸಿನೀರು ಬರುತ್ತಿರಲಿಲ್ಲ. ಏಳರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತಿತ್ತು. ಹದಿನಾಲ್ಕರ ಫ್ಯಾನು ಹಾಕಿದರೆ ಮಾತು ಕೇಳಿಸುತ್ತಿರಲಿಲ್ಲ, ಹದಿನೆಂಟರ ಬಚ್ಚಲಿಗೆ ಚಿಲಕವೇ ಇರಲಿಲ್ಲ. ರಿಪೇರಿ ಎಂಬ ಮಾತು ಬಂದರೆ ಯಜಮಾನರ ಕಿವಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅವನು ತನ್ನದೇ ಒಂದು ವಿದ್ಯೆ ಕಲಿತಿದ್ದ. ಒಳಗೆ ಬಂದವರ ಚಪ್ಪಲಿ, ಚೀಲ, ಮುಖ ನೋಡಿ, ಯಾರಿಗೆ ಯಾವ ಕೊರತೆ ಗೊತ್ತಾಗುವುದಿಲ್ಲವೋ ಆ ರೂಮನ್ನು ಅವರಿಗೆ ಕೊಡುತ್ತಿದ್ದ. ಬೆಳಕು ಹರಿಯುವ ಮುಂಚೆ ಬಸ್ ಹಿಡಿಯುವವರಿಗೆ ಏಳು. ಒಬ್ಬಂಟಿ ಗಂಡಸಿಗೆ ಹದಿನೆಂಟು. ಮಧ್ಯಾಹ್ನದ ಹೊತ್ತಿಗೆ ಸ್ನಾನ ಮಾಡುವ ಸೋಮಾರಿಗಳಿಗೆ ಮೂರು.

"ಹುಡುಗನ ಕುಂಟು ಕಾಣದ ಹಾಗೆ ಕೂರಿಸಿ ಹೆಣ್ಣು ಕೊಡಿಸ್ತಾರಲ್ಲ, ಆ ಥರ ನೀವು. ಮದುವೆ ಬ್ರೋಕರ್ ಆಗಬೇಕಿತ್ತು ಕಣಣ್ಣ," ಎಂದು ಅಕ್ಕ ಒಮ್ಮೆ ನಕ್ಕಿದ್ದಳು. ಹೆಸರು ಅಂಟಿಕೊಂಡಿತು. ಅವನಿಗೂ ಬೇಸರವಾಗಲಿಲ್ಲ, ಒಳಗೊಳಗೇ ಹೆಮ್ಮೆಯೇ ಆಯಿತು. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಮುದುಕನೊಬ್ಬನಿಗೆ ಹದಿನಾಲ್ಕು ಕೊಟ್ಟಾಗ, ಅವನು ಬೆಳಿಗ್ಗೆ ಕೆಳಗಿಳಿದು ಬಂದು ಕೈ ಹಿಡಿದುಕೊಂಡಿದ್ದ. ನಿವೃತ್ತಿಯಾದ ಮೇಲೆ ಇಷ್ಟು ಚೆನ್ನಾಗಿ ನಿದ್ದೆ ಬಂದೇ ಇರಲಿಲ್ಲವಂತೆ. ಆ ಕಥೆಯನ್ನು ಬ್ರೋಕರ್ ಕೇಳಿದವರಿಗೆಲ್ಲ ಹೇಳಿದ್ದ, ಕೇಳದವರಿಗೂ ಹೇಳಿದ್ದ.

ಆದರೆ ಎಲ್ಲರಿಗೂ ಜೋಡಿ ಕೂಡಿಸಲು ಆಗುತ್ತದೆಯೇ? ಕೆಲಸದ ಸಂದರ್ಶನಕ್ಕೆಂದು ಬಂದ ತರುಣ ಇಸ್ತ್ರಿಪೆಟ್ಟಿಗೆ ಕೆಟ್ಟಿದ್ದರಿಂದ ಸುಕ್ಕು ಅಂಗಿಯಲ್ಲೇ ಹೋಗಬೇಕಾಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಲಿಫ್ಟಿನ ಪಕ್ಕದ ರೂಮಿನಲ್ಲಿ ಒಂದೇ ದಿನ ಇದ್ದು, ಸದ್ದಿಗೆ ನಿದ್ದೆಗೆಟ್ಟು, ಪರಸ್ಪರ ಮಾತು ಬಿಟ್ಟುಕೊಂಡು ಇಳಿದು ಹೋಯಿತು. ಇಂಥವರು ಫೋನಿನಲ್ಲಿ ಬರೆದು ಹಾಕಿದ್ದನ್ನೆಲ್ಲ ಯಜಮಾನರು ಸೋಮವಾರ ಬೆಳಿಗ್ಗೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಓದುತ್ತಿದ್ದರು. "ಫೋಟೋದಲ್ಲಿ ತೋರಿಸಿದ ರೂಮು ಈ ಊರಿನಲ್ಲಿಲ್ಲ." "ದಿಂಬಿನ ಬದಲು ಇಟ್ಟಿಗೆ ಕೊಟ್ಟಿದ್ದರೆ ಮೆತ್ತಗಿರುತ್ತಿತ್ತು." "ಬಸ್ ನಿಲ್ದಾಣದ ಬೆಂಚೇ ವಾಸಿ, ಅಲ್ಲಿ ಕನಿಷ್ಠ ಗಾಳಿ ಬರುತ್ತದೆ." ಓದಿ ಮುಗಿಸಿ ಯಜಮಾನರು ಬ್ರೋಕರ್ ಕಡೆ ನೋಡುತ್ತಿದ್ದರು, ಆ ದಿಂಬಿಗೆ ಹತ್ತಿ ತುಂಬಿದವನು ಅವನೇ ಎಂಬಂತೆ.

ಅವನ ಹತ್ತಿರ ಕ್ಷಮೆ ಕೇಳುವ ನಾಲ್ಕು ಥರದ ಸಾರಿ ಇದ್ದವು. ಕೂಗಾಡುವವರಿಗೆ ತಲೆ ತಗ್ಗಿಸಿ ಹೇಳುವುದು ಒಂದು. ವಯಸ್ಸಾದವರಿಗೆ ಎದೆಯ ಮೇಲೆ ಕೈಯಿಟ್ಟು ಹೇಳುವುದು ಇನ್ನೊಂದು. ಕಷ್ಟದಲ್ಲಿರುವವರಿಗೆ ದನಿ ಇಳಿಸಿ, ಕಣ್ಣು ನೆಲಕ್ಕೆ ಹಾಕಿ ಹೇಳುವುದು ಮೂರನೆಯದು. ಕೊನೆಯದು ಫೋನ್ ಕೈಯಲ್ಲಿ ಹಿಡಿದು ಬರೆಯಲು ಸಿದ್ಧರಾದವರಿಗೆ. ಅದನ್ನು ಒಂದು ಕಪ್ ಚಹಾದ ಜೊತೆ ಕೊಡುತ್ತಿದ್ದ. ಒಂದು ಸಾರಿಯೂ ಮನಸ್ಸಿನಿಂದ ಬಂದದ್ದಲ್ಲ. ದಿನಕ್ಕೆ ಹತ್ತು ಸಲ ಮನಸ್ಸಿನಿಂದ ಹೇಳಿದರೆ ಮನುಷ್ಯ ಉಳಿಯುತ್ತಾನೆಯೇ?

ಇನ್ನು ಹನ್ನೊಂದನೇ ನಂಬರು. ಅದು ಹಿಂಭಾಗದ ಮೂಲೆಯಲ್ಲಿ, ಹಳೆಯ ಗೋದಾಮಿನ ದಪ್ಪ ಗೋಡೆಗೆ ಅಂಟಿಕೊಂಡಿತ್ತು. ರಸ್ತೆಯ ಸದ್ದು ಒಂದು ಚೂರೂ ಬರುತ್ತಿರಲಿಲ್ಲ. ಸದ್ದಿನ ಜೊತೆಗೆ ಫೋನಿನ ನೆಟ್‌ವರ್ಕೂ ಬರುತ್ತಿರಲಿಲ್ಲ, ಅದೇ ಆ ರೂಮಿನ ಕಾಯಿಲೆ. ಊರೂರು ತಿರುಗಿ ಸಾಮಾನು ಮಾರುವವರಿಗೆ ಮಾತ್ರ ಅದು ಸ್ವರ್ಗ. ಮೇಲಧಿಕಾರಿಯ ಫೋನಿಗೆ ಹೆದರುವವರೆಲ್ಲ "ಬ್ರೋಕರಣ್ಣ, ಹನ್ನೊಂದು ಖಾಲಿ ಇದೆಯಾ?" ಎಂದು ಕೇಳಿಕೊಂಡೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಮೇಲಿನ ವಯಸ್ಸು. ರವಿಕೆಯ ತೋಳಿಗೆ ದಾರ ಸಮೇತ ಸೂಜಿ ಚುಚ್ಚಿಕೊಂಡಿದ್ದಳು. ಬಟ್ಟೆ ಹೊಲಿಯುವವಳು ಎಂದು ಬ್ರೋಕರ್ ಲೆಕ್ಕ ಹಾಕಿದ, ಲೆಕ್ಕ ಸರಿಯಾಗಿಯೇ ಇತ್ತು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಕೌಂಟರನ್ನು ಹಿಡಿದುಕೊಂಡು ನಿಂತಳು.

"ಅಣ್ಣ, ನಮ್ಮೋರು ಎದುರು ಆಸ್ಪತ್ರೆಲಿದ್ದಾರೆ, ಐಸಿಯುಲಿ. ಬಸ್ ಡ್ರೈವರು. ರಾತ್ರಿ ಪಾಳಿ ಮುಗಿಸಿ ಬಂದೋರು ಹಾಗೇ ಎದೆ ಹಿಡ್ಕೊಂಡು ಕೂತುಬಿಟ್ರು. ಮೂರು ದಿನದಿಂದ ನಾನು ಬೆಂಚ್ ಮೇಲೇ ಇದ್ದೀನಿ. ಇವತ್ತು ಪರವಾಗಿಲ್ಲ, ಹೋಗಿ ಸ್ವಲ್ಪ ಮಲಗಮ್ಮ, ಏನಾದ್ರೂ ಇದ್ರೆ ಫೋನ್ ಮಾಡ್ತೀವಿ ಅಂತ ನರ್ಸು ಕಳ್ಸಿದ್ರು. ಸದ್ದಿಲ್ಲದ ರೂಮಿದ್ರೆ ಕೊಡಿ. ನಾಲ್ಕು ಗಂಟೆ ಸಾಕು."

ಆಮೇಲೆ ತನ್ನ ಫೋನನ್ನು ಕೌಂಟರಿನ ಮೇಲಿಟ್ಟು ಅವನ ಕಡೆಗೆ ತಳ್ಳಿದಳು. "ಇದರ ಸದ್ದು ಜೋರಾಗಿದೆಯಾ ನೋಡಿ ಅಣ್ಣ. ನನಗೆ ಇದೆಲ್ಲ ಗೊತ್ತಾಗಲ್ಲ."

ಬ್ರೋಕರ್ ಸದ್ದನ್ನು ಪೂರ್ತಿ ಏರಿಸಿದ. ತನ್ನ ಫೋನಿನಿಂದ ಒಂದು ಸಲ ರಿಂಗ್ ಕೊಟ್ಟೂ ನೋಡಿದ. ಇಡೀ ಹಜಾರ ಬೆಚ್ಚಿಬೀಳುವ ಹಾಗೆ ಅದು ಕೂಗಿಕೊಂಡಿತು. "ಸತ್ತವರೂ ಎದ್ದು ಕೂರ್ತಾರೆ ಅಮ್ಮ, ಧೈರ್ಯವಾಗಿ ಮಲಗಿ," ಎಂದು ನಕ್ಕ. ಅವಳೂ ಸ್ವಲ್ಪ ನಕ್ಕಳು. ಅಷ್ಟರಲ್ಲಿ ಅವನ ಎಡಗೈ ಹಲಗೆಯಿಂದ ಹನ್ನೊಂದರ ಕೀಲಿಕೈ ತೆಗೆದು ಕೊಟ್ಟಾಗಿತ್ತು. ಸದ್ದಿಲ್ಲದ ರೂಮು ಎಂಬ ಮಾತು ಅವನ ತಲೆಗೆ ಹೋಗದೆ ನೇರ ಕೈಗೆ ಹೋಗಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಮಾಡಿದ ಕೆಲಸ ಅದು. ಬಲಗೈ ಫೋನಿನ ಸದ್ದು ಏರಿಸುತ್ತಿದ್ದಾಗ ಎಡಗೈ ಅದನ್ನು ಕಿವುಡು ಮಾಡುವ ರೂಮನ್ನು ಕೊಟ್ಟಿತು, ಇವನಿಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಹನ್ನೆರಡು ಗಂಟೆಗೆ. ಸಾಬೂನು ಮಾರುವವನೊಬ್ಬ ಬೆವರು ಒರೆಸಿಕೊಳ್ಳುತ್ತ ಬಂದು, "ಅಣ್ಣ, ನಮ್ಮ ಸಾಹೇಬ್ರು ಬೆಳಿಗ್ಗೆಯಿಂದ ಪ್ರಾಣ ತಿಂತಿದ್ದಾರೆ. ಹನ್ನೊಂದು ಕೊಡಿ," ಎಂದ. "ಹನ್ನೊಂದರಲ್ಲಿ ಜನ ಇದ್ದಾರೆ," ಎನ್ನುತ್ತಿದ್ದಂತೆಯೇ ಬ್ರೋಕರನಿಗೆ ತಾನು ಕೊಟ್ಟದ್ದು ಯಾವ ರೂಮೆಂದು ಹೊಳೆಯಿತು.

ಮೆಟ್ಟಿಲು ಹತ್ತಿ ಹೋದ. ಹನ್ನೊಂದರ ಬಾಗಿಲ ಮುಂದೆ ನಿಂತು ಕೈ ಎತ್ತಿದ. ಒಳಗಿನಿಂದ ಉಸಿರಾಟ ಕೇಳಿಸುತ್ತಿತ್ತು. ಕೆಲಸ ಮಾಡಿ ಸೋತ ಹೆಂಗಸರು ಮಲಗಿದಾಗ ಬರುವಂಥ ಭಾರವಾದ ಉಸಿರು. ಮೂರು ದಿನ ಬೆಂಚಿನ ಮೇಲೆ ಕೂತವಳು, ಮಲಗಿ ಎರಡು ಗಂಟೆ ಕೂಡ ಆಗಿಲ್ಲ. ಪರವಾಗಿಲ್ಲ ಅಂತ ನರ್ಸೇ ಹೇಳಿದ್ದಾರೆ. ಇನ್ನೆರಡು ಗಂಟೆಯಲ್ಲಿ ಏನು ಮುಳುಗಿಹೋಗುತ್ತದೆ? ಎಬ್ಬಿಸಿದರೆ ಏನೆಂದು ಹೇಳುವುದು? ಅಮ್ಮ, ಈ ರೂಮಿನಲ್ಲಿ ಫೋನ್ ಬರುವುದಿಲ್ಲ, ಗೊತ್ತಿದ್ದೂ ಕೊಟ್ಟೆ ಅಂತಲೇ? ಎತ್ತಿದ ಕೈಯನ್ನು ಕೆಳಗಿಳಿಸಿದ. ಸದ್ದಾಗದ ಹಾಗೆ ಹೆಜ್ಜೆಯಿಟ್ಟು ವಾಪಸು ಬಂದ. ಕೈ ಇಳಿಸಿದ್ದು ಅವಳ ಮೇಲಿನ ಕರುಣೆಯಿಂದಲೋ ತನ್ನ ಮೇಲಿನ ಭಯದಿಂದಲೋ, ಅವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಮೂರೂಕಾಲಿಗೆ ಒಬ್ಬಳು ತರುಣಿ ಓಡಿಕೊಂಡು ಬಂದಳು. ಹೆಗಲಿನಿಂದ ಪ್ರಯಾಣದ ಚೀಲ ಜಾರುತ್ತಿತ್ತು, ಕೆನ್ನೆಯೆಲ್ಲ ಒದ್ದೆಯಾಗಿತ್ತು. "ಇಲ್ಲಿ ನಮ್ಮಮ್ಮ ಇದ್ದಾರಾ? ಆಸ್ಪತ್ರೆಯಿಂದ ಬಂದೋರು?" ಎಂದು ಅವಳು ಕೇಳುವುದಕ್ಕೂ ಆ ಹೆಂಗಸು ಮೆಟ್ಟಿಲಿಳಿದು ಬರುವುದಕ್ಕೂ ಸರಿಹೋಯಿತು. ಮುಖ ತೊಳೆದುಕೊಂಡಿದ್ದಳು, ಕಣ್ಣಿನ ಕೆಂಪು ಇಳಿದಿತ್ತು. ಮಗಳನ್ನು ನೋಡುವ ಮೊದಲು ಬ್ರೋಕರನನ್ನು ನೋಡಿ, "ಹೊತ್ತೇ ಗೊತ್ತಾಗ್ಲಿಲ್ಲ ಅಣ್ಣ. ಒಳ್ಳೆ ರೂಮು ಕೊಟ್ರಿ," ಎಂದಳು.

"ಫೋನ್ ಯಾಕಮ್ಮ ಆಫ್ ಮಾಡಿದ್ದೆ?" ಮಗಳು ಕಿರುಚಿದಳು.

"ಇಲ್ವಲ್ಲೇ, ಆನೇ ಇದೆ ನೋಡು..." ಅವಳು ಫೋನನ್ನು ಮುಂದೆ ಹಿಡಿದಳು. ಹಜಾರದ ನೆಟ್‌ವರ್ಕ್ ಅದಕ್ಕೆ ಆಗ ತಾನೇ ಸಿಕ್ಕಿತ್ತು. ತಪ್ಪಿದ ಕರೆಗಳ ಮೆಸೇಜುಗಳು ಒಂದರ ಹಿಂದೆ ಒಂದು ಬೀಳತೊಡಗಿದವು. ಬ್ರೋಕರ್ ಏರಿಸಿ ಕೊಟ್ಟಿದ್ದ ಆ ಸದ್ದಿನಲ್ಲೇ ಅವು ಬಡಿದುಕೊಂಡವು, ನಿಲ್ಲಲೇ ಇಲ್ಲ.

"ಹನ್ನೆರಡೂವರೆಯಿಂದ ಮಾಡ್ತಿದ್ದಾರಮ್ಮ ಆಸ್ಪತ್ರೆಯವರು! ನೀನು ಸಿಗಲಿಲ್ಲ ಅಂತ ಆಮೇಲೆ ನನಗೆ ಮಾಡಿದ್ರು. ನಾನು ಬಸ್ಸಲ್ಲಿ ಕೂತು ಮಾಡಿದ್ದೇ ಮಾಡಿದ್ದು. ಸ್ವಿಚ್ ಆಫ್ ಆಗಿದೆ ಇಲ್ಲ ವ್ಯಾಪ್ತಿಯಿಂದ ಹೊರಗಿದ್ದಾರೆ, ಅದೇ ಮಾತು. ಊರ ಮಧ್ಯದಲ್ಲಿ ಎಲ್ಲಿಂದ ಬರುತ್ತೆ ವ್ಯಾಪ್ತಿಯ ಹೊರಗೆ? ಅಪ್ಪ ಹೋದ್ರು ಕಣಮ್ಮ. ಎರಡು ಗಂಟೆಗೆ. ಅವಳನ್ನ ಕರೀರಿ, ಅವಳನ್ನ ಕರೀರಿ ಅಂತಿದ್ರಂತೆ. ನೀನು ಫೋನ್ ಆಫ್ ಮಾಡ್ಕೊಂಡು ಮಲಗಿದ್ದೆ."

ಹೆಂಗಸು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಕೈ ತಾಗಿತೇನೋ," ಎಂದಳು, ಯಾರಿಗೂ ಅಲ್ಲ. "ಮಲಗುವಾಗ ಕೈ ತಾಗಿ ಆಫ್ ಆಗಿ, ಮತ್ತೆ ಆನ್ ಆಯ್ತೇನೋ."

ಅದು ಬ್ರೋಕರ್ ಬಾಯಿ ತೆರೆಯಬೇಕಾದ ಗಳಿಗೆ. ಒಂದೇ ವಾಕ್ಯ ಸಾಕಿತ್ತು. ಕ್ಯಾಬಿನ್ನಿನ ಗಾಜಿನ ಹಿಂದಿನಿಂದ ಯಜಮಾನರು ಇಣುಕಿ ನೋಡುತ್ತಿದ್ದರು.  ಬ್ರೋಕರ್ ಬಾಯಿ ತೆರೆದಾಗ ಬಂದದ್ದು ಮೂರನೆಯ ಥರದ ಸಾರಿ, ದನಿ ಇಳಿಸಿ, ಕಣ್ಣು ನೆಲಕ್ಕೆ ಹಾಕಿ. ಸಾವಿನ ಮನೆಯವರಿಗೆ ಹೇಳುವ ಸಮಾಧಾನದ ಮಾತೆಂದೇ ಅವಳು ಅದನ್ನು ತಿಳಿದುಕೊಂಡಳು. ತಲೆಯಾಡಿಸಿ, ಕೀಲಿಕೈಯನ್ನು ಜೋಪಾನವಾಗಿ ಕೌಂಟರಿನ ಮೇಲಿಟ್ಟು, ಮಗಳ ಹಿಂದೆ ಹೋದಳು. ಮಗಳು ಅವಳ ಕೈ ಹಿಡಿಯಲಿಲ್ಲ. ರಸ್ತೆ ದಾಟುವಾಗ ಇಬ್ಬರ ನಡುವೆ ನಾಲ್ಕು ಮಾರು ದೂರವಿತ್ತು.

ಸಂಜೆ ರೂಮು ಗುಡಿಸಲು ಹೋದ ಅಕ್ಕ ಒಂದು ಅಂಗಿ ತಂದುಕೊಟ್ಟಳು. ಗಂಡಸರ ಬಿಳಿ ಅಂಗಿ, ಗುಂಡಿಗಳೆಲ್ಲ ಹೊಸವು. ಕೊನೆಯ ಗುಂಡಿಯ ದಾರ ಇನ್ನೂ ಕತ್ತರಿಸಿರಲಿಲ್ಲ. "ಗಂಡ ಆಸ್ಪತ್ರೆಯಿಂದ ಮನೆಗೆ ಹೋಗೋವಾಗ ಹಾಕ್ಕೊಳ್ಳಲಿ ಅಂತ ಹೊಲೀತಿದ್ಲೋ ಏನೋ, ಪಾಪ," ಎಂದಳು. ಬ್ರೋಕರ್ ಅದನ್ನು ಮರೆತುಹೋದ ಸಾಮಾನುಗಳ ಬೀರುವಿನಲ್ಲಿಟ್ಟ. ಛತ್ರಿ, ಕನ್ನಡಕ, ಒಂಟಿ ಕಾಲುಚೀಲಗಳ ಜೊತೆ ಅದೂ ಕೂತಿತು.

ಅಲ್ಲಿಂದಾಚೆ ಬ್ರೋಕರನಿಗೆ ನಿದ್ದೆ ಬರದಾಯಿತು.  ಯಾರು ಬಂದರೂ ಹಲಗೆಯ ಮುಂದೆ ನಿಂತು ಯೋಚಿಸುತ್ತಿದ್ದ. ಹನ್ನೊಂದನ್ನಂತೂ ಮುಟ್ಟುತ್ತಲೇ ಇರಲಿಲ್ಲ. ರಿಜಿಸ್ಟರಿನಲ್ಲಿ ಅವಳ ನಂಬರಿತ್ತು. ಮೂರು ಸಲ ಹಚ್ಚಿ, ರಿಂಗ್ ಆಗುವ ಮೊದಲೇ ಕತ್ತರಿಸಿದ. ನಾಳೆ ಹೇಳೋಣ ಎಂದುಕೊಂಡ. ನಾಳೆಗಳು ಸೇರಿ ಐದು ತಿಂಗಳಾದವು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟ. ಅವಳು ಲೋಟ ಕೆಳಗಿಟ್ಟಳು.

"ನನಗೆ ಹೇಳಿ ಏನ್ ಬಂತು? ಯಾರಿಗೆ ಹೇಳಬೇಕೋ ಅವರಿಗೆ ಹೇಳ್ರಿ. ಆಯಮ್ಮ ತಾನೇ ಮಾಡ್ದೆ ಅಂದ್ಕೊಂಡು ಬದುಕ್ತಿದ್ದಾಳಲ್ರಿ."

ಬೀರುವಿನ ಸಾಮಾನನ್ನು ಆರು ತಿಂಗಳಿಗೊಮ್ಮೆ ಎಸೆಯುವುದು ಲಾಡ್ಜಿನ ಪದ್ಧತಿ. ಆ ದಿನ ಬಂತು. ಅಕ್ಕ ಗೋಣಿಚೀಲ ಹಿಡಿದು ನಿಂತಿದ್ದಳು. ಛತ್ರಿ ಹೋಯಿತು, ಕನ್ನಡಕ ಹೋಯಿತು. ಅಂಗಿಯ ಸರದಿ ಬಂದಾಗ ಬ್ರೋಕರ್ ಅದನ್ನು ಕಿತ್ತುಕೊಂಡ. ಯಜಮಾನರ ಹತ್ತಿರ ಹೋಗಿ ಮಾರನೆಯ ದಿನ ರಜೆ ಕೇಳಿದ. ಯಾಕೆ ಎಂದು ಕೇಳಿದ್ದಕ್ಕೆ, "ಒಂದು ಸಾರಿ ಹೇಳೋದಿದೆ ಸಾರ್," ಎಂದ. ಯಜಮಾನರಿಗೆ ತಲೆಬುಡ ಅರ್ಥವಾಗಲಿಲ್ಲ.

ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ರಿಜಿಸ್ಟರಿನ ವಿಳಾಸ ಹಿಡಿದು ಹೋದರೆ ಓಣಿಯ ಕೊನೆಯ ಮನೆ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ, ಅದರ ಹಿಂದೆ ಅವಳು. ತುಂಬ ಇಳಿದುಹೋಗಿದ್ದಳು. ಫೋನನ್ನು ಒಂದು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಳು.

"ಅಯ್ಯೋ, ಲಾಡ್ಜಿನ ಅಣ್ಣ ಅಲ್ವಾ! ಬನ್ನಿ ಬನ್ನಿ." ನೀರು ಕೊಟ್ಟಳು. ಅವನು ಅಂಗಿ ತೆಗೆದು ಕೊಟ್ಟಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಗುಂಡಿಗಳನ್ನು ಸವರಿದಳು. "ಇದಕ್ಕೋಸ್ಕರ ಇಷ್ಟು ದೂರ ಬಂದ್ರಾ? ನೋಡಿ, ನೀವು ಯಾರೋ ಏನೋ. ಅವತ್ತು ಸದ್ದು ಕೂಡ ಜೋರು ಮಾಡಿಕೊಟ್ರಿ. ನಿಮಗಿದ್ದ ಕಾಳಜಿ ನನಗಿರಲಿಲ್ಲ ಅಣ್ಣ. ಕೈ ತಾಗಿಸ್ಕೊಂಡು ಆಫ್ ಮಾಡ್ಕೊಂಡೆ. ಮಗಳು ತಿಥಿ ಮುಗಿಸ್ಕೊಂಡು ಹೋದೋಳು ಇವತ್ತಿನವರೆಗೂ ಮಾತಾಡಿಲ್ಲ. ಅವಳದೇನೂ ತಪ್ಪಿಲ್ಲ."

ಬ್ರೋಕರನಿಗೆ ತಡೆಯಲಾಗಲಿಲ್ಲ. "ನೀವು ಆಫ್ ಮಾಡ್ಲಿಲ್ಲ ಅಮ್ಮ. ಆ ರೂಮಲ್ಲಿ ಯಾರ ಫೋನೂ ಬರಲ್ಲ. ನನಗೆ ಗೊತ್ತಿತ್ತು. ಸದ್ದಿಲ್ಲದ ರೂಮು ಅಂದ್ರಲ್ಲ, ಆ ಭರದಲ್ಲಿ ಕೊಟ್ಟುಬಿಟ್ಟೆ. ನಿಮ್ಮದೇನೂ ತಪ್ಪಿಲ್ಲ. ಎಲ್ಲಾ ನನ್ನದು." ನಾಲ್ಕು ಥರದ ಸಾರಿಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅಳು ಬಂತು, ಅತ್ತ.

 ಅಂಗಿಯ ಮೇಲಿನ ಅವಳ ಕೈ ಹಾಗೇ ನಿಂತಿತು.

"ನಿಮಗೆ ಯಾವಾಗ ನೆನಪಾಯ್ತು?"

ಸುಳ್ಳು ಹೇಳಬಹುದಿತ್ತು. ಆಮೇಲೆ, ನೀವು ಹೋದ ಮೇಲೆ ಎನ್ನಬಹುದಿತ್ತು. "ಹನ್ನೆರಡು ಗಂಟೆಗೆ," ಎಂದ. "ಮೇಲೆ ಬಂದಿದ್ದೆ ಅಮ್ಮ. ಬಾಗಿಲ ತನಕ ಬಂದೆ. ನೀವು ನಿದ್ದೆ ಮಾಡ್ತಿದ್ರಿ. ತಟ್ಟಲಿಲ್ಲ."

ಅವಳು ಕುತ್ತಿಗೆಯ ಫೋನು ತೆಗೆದು ಮಗಳಿಗೆ ಹಚ್ಚಿದಳು. ಎರಡು ರಿಂಗ್ ಆಗಿ ಕಟ್ಟಾಯಿತು. ಇನ್ನೊಂದು ಸಲ ಹಚ್ಚಿದಳು, ಅದೂ ಕಟ್ಟಾಯಿತು. "ನನ್ನ ನಂಬರ್ ನೋಡಿದ್ರೆ ಎತ್ತಲ್ಲ. ನಿಮ್ಮದರಿಂದ ಮಾಡಿ. ಈಗ ಹೇಳಿದ್ದನ್ನೇ ಹೇಳಿ."

ಮಗಳು ಎತ್ತಿದಳು. ಬ್ರೋಕರ್ ಎದ್ದು ನಿಂತು, ಮೇಷ್ಟ್ರ ಮುಂದೆ ಪಾಠ ಒಪ್ಪಿಸುವವನ ಹಾಗೆ, ಮೊದಲಿನಿಂದ ಕೊನೆಯವರೆಗೆ ಹೇಳಿದ. ಹನ್ನೆರಡು ಗಂಟೆಯನ್ನೂ ಬಿಡಲಿಲ್ಲ.  ಆ ಕಡೆಯಿಂದ, "ಅಮ್ಮನಿಗೆ ಕೊಡಿ," ಎಂಬ ದನಿ.

ಫೋನ್ ಅವಳ ಕೈಗೆ ಹೋಯಿತು. ತನ್ನ ಫೋನ್ ವಾಪಸು ಬರುವವರೆಗೆ ಅವನು ಎದ್ದು ಹೋಗುವಂತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳಬೇಕಾಯಿತು.

"ಹೂಂ... ಇಲ್ಲ ಕಣೇ, ಆಫ್ ಮಾಡಿರ್ಲಿಲ್ಲ... ಆಫ್ ಮಾಡಿರ್ಲಿಲ್ಲ ನಾನು... ಅಳಬೇಡ... ನೀನೇನು ಮಾಡ್ತೀಯ, ನಿನಗೇನು ಗೊತ್ತಿತ್ತು... ಬಾ, ಯಾವಾಗ ಬರ್ತೀಯ?... ಮಾಡಿರ್ಲಿಲ್ಲ ಕಣೇ ಆಫು." ಹತ್ತು ಸಲವಾದರೂ ಅದನ್ನೇ ಹೇಳಿದಳು. ಆರು ತಿಂಗಳು ಹೊಟ್ಟೆಯೊಳಗಿದ್ದ ಮಾತು, ಒಂದೇ ಸಲಕ್ಕೆ ಖಾಲಿಯಾಗಲಿಲ್ಲ.

ಮಾತು ಮುಗಿದ ಮೇಲೆ ಸೆರಗಿನಿಂದ ಫೋನನ್ನು ಒರೆಸಿ ಅವನಿಗೆ ಕೊಟ್ಟಳು. ಭಾನುವಾರ ಮಗಳು ಬರುತ್ತಾಳಂತೆ. ಅದನ್ನು ಹೇಳುವಾಗ ಮುಖ ಒಂದು ಕ್ಷಣ ಬೆಳಗಿತು, ಅವನೂ ಉಸಿರು ಬಿಟ್ಟ. ಹೊರಡುತ್ತೇನೆಂದು ಎದ್ದ. ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಅವಳು ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಮೂವತ್ತು ವರ್ಷ ರಾತ್ರಿ ಪಾಳಿ ಅಣ್ಣ ಅವರದು. ಯಾವ ಹೊತ್ತಲ್ಲಿ ಬಂದ್ರೂ ಎರಡನೇ ಸಲ ಬಾಗಿಲು ತಟ್ಟೋಕೆ ನಾನು ಬಿಟ್ಟೋಳಲ್ಲ. ನೀವು ಒಂದೇ ಒಂದು ಸಲ ತಟ್ಟಿದ್ರೆ ಸಾಕಿತ್ತು, ಎದ್ದು ಬಂದಿರ್ತಿದ್ದೆ."